ತೂರುವ ಗಾಳಿ, ಕೂಡುವ ಹಿಮ

ನವಿಲುತೀರ್ಥದಲ್ಲಿ ಹಿಮ ಬೀಳುವುದಿಲ್ಲ. ಹಿಮದ ಮಾತನ್ನು ಅಲ್ಲಿಂದ ಆರಂಭಿಸಿದರೆ ಕೇಳುಗರು ನಕ್ಕಾರು. ಆದರೂ ಮಳೆ ತಡೆದಿದ್ದ ಒಂದು ಆಷಾಢದ ಮಧ್ಯಾಹ್ನ ಆ ಕಣಿವೆಯ ಬಳಿ ನಿಂತಿದ್ದಾಗ ನನಗೆ ಹೊಳೆದುದು ಹಿಮದ ವಿಚಾರವೇ.

ನವಿಲು ಕೂಗಿತೆಂದೂ, ಗುಡ್ಡ ಸೀಳಿ ಮಲಪ್ರಭೆಗೆ ದಾರಿ ಕೊಟ್ಟಿತೆಂದೂ ಜನ ಹೇಳುವ ಕಥೆ ನಿಮಗೆ ಗೊತ್ತು. ಆ ಇಕ್ಕಟ್ಟಿನಲ್ಲಿ ಗಾಳಿ ಬಿರುಸಾಗುತ್ತದೆ. ಬಯಲಿಗೆ ಬಂದೊಡನೆ ಸಡಿಲುತ್ತದೆ. ಅಲ್ಲೊಂದು ಹೊಲದ ಮುಳ್ಳುಬೇಲಿಯ ಮರೆಯಲ್ಲಿ ಕೆಂಪು ದೂಳು ಉದ್ದನೆಯ ಬಾಲದಂತೆ ಕೂಡಿಕೊಂಡಿತ್ತು. ನದಿಯೂ ಹಾಗೆಯೇ ಅಲ್ಲವೆ? ಓಡುವಾಗ ಹೊತ್ತ ಮಣ್ಣನ್ನು ಅದು 1972ರಲ್ಲಿ ಕಟ್ಟಿ ಮುಗಿದ ಅಣೆಕಟ್ಟಿನ ಹಿಂದೆ, ರೇಣುಕಾಸಾಗರದ ನಿಂತ ನೀರಿನಲ್ಲಿ, ಹೂಳಾಗಿ ಇಳಿಸುತ್ತದೆ. ವೇಗವಿದ್ದಲ್ಲಿ ಹೊರೆ, ವೇಗ ಕುಂದಿದಲ್ಲಿ ರಾಶಿ. ಹಿಮಕ್ಕೂ ಇದೇ ನ್ಯಾಯ.

ಕಣದಲ್ಲಿ ಜೋಳ ತೂರುವ ರೈತನಿಗೆ ಈ ಶಾಸ್ತ್ರದ ಮೊದಲ ಪಾಠ ತಿಳಿದೇ ಇದೆ. ಅವನು ಗಾಳಿಗಾಗಿ ಕಾಯುತ್ತಾನೆ. ಕಾಳು ಕಾಲಬುಡಕ್ಕೆ, ಹೊಟ್ಟು ದೂರಕ್ಕೆ. ನೆಲದ ಮೇಲಿನ ಹಿಮವೂ ಗಾಳಿಗಾಗಿ ಕಾಯುತ್ತದೆ. ನೆಲದಿಂದ 10 ಮೀಟರು ಎತ್ತರದಲ್ಲಿ ಅಳೆದ ವೇಗ ಸೆಕೆಂಡಿಗೆ 7–8 ಮೀಟರು ಮುಟ್ಟಿದರೆ ಒಣಹಿಮ ಏಳುತ್ತದೆ. ತೊಯ್ದ ಹಿಮಕ್ಕೆ ಸುಮಾರು 10 ಮೀಟರು ಬೇಕು. ಕೆಲವು ಕಣಗಳು ತೆವಳುತ್ತವೆ, ಕೆಲವು ಕುಪ್ಪಳಿಸುತ್ತವೆ, ತೀರ ಸಣ್ಣವು ತೇಲುತ್ತವೆ. ಮರಳಿನ ಈ ಕುಪ್ಪಳಿಕೆಯನ್ನು ಲಿಬಿಯಾದ ಮರುಭೂಮಿಯಲ್ಲಿ ಅಲೆದ ಬ್ಯಾಗ್ನೋಲ್ಡ್ ಎಂಬ ಸೈನಿಕ 1941ರ ತನ್ನ ಗ್ರಂಥದಲ್ಲಿ ವಿವರಿಸಿದ. ಹಿಮವನ್ನು ಅರಿಯಹೊರಟವರು ಅವನಿಂದಲೇ ಕಲಿತರು.

ಇದನ್ನೆಲ್ಲ ಲೆಕ್ಕಕ್ಕೆ ಇಳಿಸುವ ಅಗತ್ಯವೇನೆಂದು ಕೇಳಬಹುದು. ಭಾರತವು 1983–84ರಲ್ಲಿ ಅಂಟಾರ್ಕ್ಟಿಕದ ಹಿಮದ ಮೇಲೆ ‘ದಕ್ಷಿಣ ಗಂಗೋತ್ರಿ’ ಎಂಬ ಮೊದಲ ನೆಲೆಯನ್ನು ಕಟ್ಟಿತು. ಕೆಲವೇ ವರ್ಷಗಳಲ್ಲಿ ಹಿಮ ಅದನ್ನು ಹೂಳಿತು, ನೆಲೆಯನ್ನು ತೊರೆಯಬೇಕಾಯಿತು. 2012ರಲ್ಲಿ ಆರಂಭವಾದ ‘ಭಾರತಿ’ ಕಂಬಗಳ ಮೇಲೆ ನಿಂತಿದೆ. ಗಾಳಿ ಅದರ ಅಡಿಯಿಂದ ನುಗ್ಗಿ ಹಿಮವನ್ನು ಕೂಡಗೊಡದೆ ಗುಡಿಸಿಕೊಂಡು ಹೋಗುತ್ತದೆ. ಗಾಳಿಗೆ ಎದುರಾಗಿ ಗೋಡೆ ನಿಲ್ಲಿಸುವುದಕ್ಕಿಂತ ದಾರಿ ಬಿಡುವುದೇ ಜಾಣತನವೆಂದಾಯಿತು.

ಇಂಥ ದಾರಿಯನ್ನು ಮೊದಲೇ ಕಾಣಿಸುವುದು ಗಣಕಯಂತ್ರದ ಕೆಲಸ. ಹರಿಯುವ ವಸ್ತುವಿನ ಚಲನೆಯ ಸಮೀಕರಣಗಳನ್ನು 1822ರಲ್ಲಿ ಫ್ರಾನ್ಸಿನ ನೇವಿಯೇ, 1845ರಲ್ಲಿ ಕೇಂಬ್ರಿಜ್ಜಿನ ಸ್ಟೋಕ್ಸ್ ರೂಪಿಸಿದರು. ಗಾಳಿಗೂ ನೀರಿಗೂ ಅವೇ ಸಮೀಕರಣಗಳು. ಅವನ್ನು ಇಡಿಯಾಗಿ ಬಿಡಿಸಲಾಗದು. ಆದುದರಿಂದ ಬಯಲನ್ನು ಲಕ್ಷಗಟ್ಟಲೆ ಸಣ್ಣ ಕೋಣೆಗಳಾಗಿ ಹೆಚ್ಚಿ, ಒಂದೊಂದು ಕೋಣೆಗೂ ಬಂದುದೆಷ್ಟು ಹೋದುದೆಷ್ಟೆಂದು ಕರಣಿಕನಂತೆ ಬರೆದಿಡಬೇಕು. ನೆಲವನ್ನು ಗಾಳಿ ಉಜ್ಜುವ ಬಲ ಒಂದು ಮಿತಿಯನ್ನು ಮೀರಿದಲ್ಲಿ ಹಿಮ ಎದ್ದಿತು, ಮಿತಿಗಿಂತ ಕೆಳಗಿಳಿದಲ್ಲಿ ಕೂಡಿತು ಎಂದು ಎಣಿಸಬೇಕು.

ತೊಡಕು ಇರುವುದು ಮುಂದೆ. ರಾಶಿ ಬೆಳೆದರೆ ನೆಲದ ಆಕಾರ ಬದಲಾಗುತ್ತದೆ. ಆಕಾರ ಬದಲಾದರೆ ಗಾಳಿಯ ದಾರಿಯೂ ಬದಲಾಗುತ್ತದೆ. ಗಾಳಿ ರಾಶಿಯನ್ನು ಕಟ್ಟುತ್ತದೆ, ರಾಶಿ ಗಾಳಿಯನ್ನು ತಿರುಗಿಸುತ್ತದೆ. ಮತ್ತೆ ಮೊದಲಿನಿಂದ ಲೆಕ್ಕ! ಬೇಲಿಯನ್ನೇ ನೋಡಿ. ಅರ್ಧದಷ್ಟು ಕಂಡಿಗಳುಳ್ಳ ಬೇಲಿಯ ಮರೆಯಲ್ಲಿ, ರಾಶಿ ಪೂರ್ಣ ಬೆಳೆದಾಗ, ಅದು ಬೇಲಿಯ ಎತ್ತರದ ಸುಮಾರು 35 ಪಟ್ಟು ದೂರ ಚಾಚುತ್ತದೆ. ಕಂಡಿಯಿಲ್ಲದ ಗೋಡೆಯ ಹಿಂದಿನ ರಾಶಿ ಅದಕ್ಕಿಂತ ಮೋಟು, ಬೇಗ ತುಂಬುವಂಥದು. ಹಿಮದ ನಾಡುಗಳಲ್ಲಿ ಹೆದ್ದಾರಿಗೆ ಕಾವಲಾಗಿ ಕಂಡಿಬೇಲಿಗಳನ್ನು ದೂರದಲ್ಲಿ ನಿಲ್ಲಿಸುವುದು ಇದರಿಂದಲೇ.

ಈ ಲೆಕ್ಕ ನಮ್ಮ ಮನೆಬಾಗಿಲಿಗೂ ಬಂದಿದೆ. ಕುಂದಗೋಳ ತಾಲ್ಲೂಕಿನ ಬೆಟದೂರು ನವಿಲುತೀರ್ಥಕ್ಕೆ ಬಹಳ ದೂರವಲ್ಲ. ಆ ಊರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ 2016ರ ಫೆಬ್ರವರಿ 3ರಂದು ಸಿಯಾಚಿನ್ನಿನ 19,600 ಅಡಿ ಎತ್ತರದ ಕಾವಲು ನೆಲೆಯಲ್ಲಿ, ಒಂಬತ್ತು ಮಂದಿ ಸಂಗಾತಿಗಳೊಡನೆ ಹಿಮದಡಿ ಹೂತುಹೋದರು. ಆರು ದಿನಗಳ ಮೇಲೆ 25 ಅಡಿಗಳ ಆಳದಿಂದ ಅವರೊಬ್ಬರು ಜೀವಂತವಾಗಿ ಸಿಕ್ಕರು. 11ರಂದು ದಿಲ್ಲಿಯಲ್ಲಿ ತೀರಿಕೊಂಡರು. ನಮ್ಮ ಸೀಮೆಯ ಮನೆಮನೆಗಳಲ್ಲಿ ಆ ವಾರ ಹಿಮವೆಂಬುದು ಪುಸ್ತಕದ ಪದವಾಗಿ ಉಳಿಯಲಿಲ್ಲ.

ಅಂದು ಕುಸಿದುದು ಮಂಜುಗಡ್ಡೆಯ ಗೋಡೆ. ಗಾಳಿ ತಂದೊಟ್ಟಿದ ಹಿಮರಾಶಿಯಷ್ಟೇ ಅಲ್ಲ. ಆದುದರಿಂದ ಈ ಗಣಿತವಿದ್ದಿದ್ದರೆ ಅವರು ಉಳಿಯುತ್ತಿದ್ದರೆಂದು ನಾನು ಹೇಳಲಾರೆ. ಹೇಳಿದರೆ ಅದು ಸತ್ತವರಿಗೂ ಶಾಸ್ತ್ರಕ್ಕೂ ಅನ್ಯಾಯ. ಆದರೆ ಶಿಖರಗಳ ಮರೆಯಲ್ಲಿ ಗಾಳಿ ಸದ್ದಿಲ್ಲದೆ ಒಟ್ಟುವ ಹಿಮ ಹಲವು ಕುಸಿತಗಳಿಗೆ ಕಾರಣವೆಂಬುದು ನಿಜ. ಯಾವ ಇಳಿಜಾರಿನ ಮೇಲೆ ಎಷ್ಟು ಹೊರೆ ಕೂಡಿದೆಯೆಂದು ತಿಳಿದರೆ, ಡೇರೆಯನ್ನು ಎಲ್ಲಿ ಹಾಕಬಾರದೆಂಬುದಾದರೂ ತಿಳಿದೀತು.

ಲೆಕ್ಕ ತಪ್ಪುವುದೂ ಉಂಟು. ಸುಳಿಗಾಳಿಯನ್ನು ಅಂದಾಜಿನಿಂದ ಹಿಡಿಯಬೇಕು. ನಿನ್ನೆಯ ಪುಡಿಹಿಮ ಇಂದು ಹೆಪ್ಪುಗಟ್ಟಿ ಗಾಳಿಗೆ ಅಲುಗದಾಗುತ್ತದೆ. ಆದುದರಿಂದ ಗಣಕದ ಚಿತ್ರವನ್ನು ಬಯಲಿನ ಅಳತೆಗೋಲಿನೊಡನೆ ಹೋಲಿಸದೆ ನಂಬಲಾಗದು.

ಆ ಮಧ್ಯಾಹ್ನ ಹೊಲದೊಡೆಯನನ್ನು, ಬೇಲಿಯನ್ನು ಇನ್ನಷ್ಟು ಒತ್ತಾಗಿ ಏಕೆ ಕಟ್ಟಲಿಲ್ಲವೆಂದು ಕೇಳಿದೆ. “ಗಾಳಿ ಹಾಯಲಿ ಬಿಡ್ರಿ, ಇಲ್ಲಾಂದ್ರ ಬೇಲೀನೇ ಕೆಡವತೈತಿ” ಎಂದ. ದಕ್ಷಿಣಧ್ರುವದ ಹಿಮದಲ್ಲಿ ಒಂದು ನೆಲೆಯನ್ನು ಕಳೆದುಕೊಂಡು ನಾವು ಕಲಿತುದೂ ಹೆಚ್ಚುಕಡಿಮೆ ಇದೇ ಪಾಠ.