ಮಗು ಓದುತ್ತಿದೆಯೇ, ಒಪ್ಪಿಸುತ್ತಿದೆಯೇ?

(ಆಳಂದ ತಾಲೂಕಿನ ಹಿರೋಳ್ಳಿಯಲ್ಲಿ ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣ)



ಮಗು ಪಾಠವನ್ನು ಗಡಗಡನೆ ಒಪ್ಪಿಸಿದರೆ ನಾವು ಹಿಗ್ಗುತ್ತೇವೆ. ಅದೇ ಪಾಠದ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು ‘ಇದೇನು?’ ಎಂದು ಕೇಳಿದರೆ ಅದು ನಮ್ಮ ಮುಖ ನೋಡುತ್ತದೆ. ಅಂದರೆ ಮಗು ಓದುತ್ತಿಲ್ಲ, ನೆನಪಿನಿಂದ ಹೇಳುತ್ತಿದೆ. ಈ ಕೊರತೆ ಕೆಲವು ವರ್ಷ ಮುಚ್ಚಿಕೊಂಡೇ ಸಾಗುತ್ತದೆ. ಆಮೇಲೆ ಗಣಿತ, ವಿಜ್ಞಾನಗಳೂ ಕೈತಪ್ಪಿ, ಶಾಲೆಯೇ ಬೇಡವೆನಿಸುತ್ತದೆ.

ಗಡಿಯೂರಿನ ನಮ್ಮ ಮಗುವಿನ ಪಾಡು ಇನ್ನಷ್ಟು ಕಠಿಣ. ಮನೆಯಲ್ಲಿ ದಖನಿ, ಮಕ್ತಬ್‌ನಲ್ಲಿ ಅರಬಿ, ಶಾಲೆಯಲ್ಲಿ ಕನ್ನಡ ಇಲ್ಲವೇ ಉರ್ದು, ಜೊತೆಗೆ ಇಂಗ್ಲಿಷ್. ಸಂತೆಯಲ್ಲಿ ಮರಾಠಿಯೂ ಕಿವಿಗೆ ಬೀಳುತ್ತದೆ. ‘ಬಿ, ಎ, ಟಿ’ ಎಂಬ ಹೆಸರುಗಳನ್ನು ಎಷ್ಟು ಕೂಡಿಸಿದರೂ ‘ಬ್ಯಾಟ್’ ಆಗದು. ಅವುಗಳ ಧ್ವನಿಗಳನ್ನು ಕೂಡಿಸಿದರೆ ಆಗುತ್ತದೆ. ಫೋನಿಕ್ಸ್ ಎಂದರೆ ಇಷ್ಟೇ. ಕನ್ನಡ ಈ ವಿಷಯದಲ್ಲಿ ಉದಾರಿ. ಇಲ್ಲಿ ಅಕ್ಷರದ ಹೆಸರೇ ಅದರ ಧ್ವನಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭವಾದ ನಲಿಕಲಿ ಪದ್ಧತಿಯು ವರ್ಣಮಾಲೆ ಮುಗಿಯುವವರೆಗೆ ಕಾಯುವುದಿಲ್ಲ. ‘ರ, ಗ, ಸ, ದ, ಅ’ ಬಂದ ಕೂಡಲೇ ‘ಸರ’ ಓದಿಸುತ್ತದೆ.

ತೊಡಕು ಬರುವುದು ಒತ್ತಕ್ಷರದಲ್ಲಿ. ‘ಹಕ್ಕಿ’ಯನ್ನು ಮಗು ‘ಹಕಿ’ ಎನ್ನುತ್ತದೆ. ಬರಹದಲ್ಲಿ ಅದು ‘ಹ’ ಮತ್ತು ‘ಕ್ಕಿ’. ಉಚ್ಚಾರದಲ್ಲಿ ‘ಹಕ್’ ಮತ್ತು ‘ಕಿ’. ಕಣ್ಣು ಒಂದೆಡೆ ತುಂಡರಿಸಿದರೆ ಕಿವಿ ಇನ್ನೊಂದೆಡೆ ತುಂಡರಿಸುತ್ತದೆ. ಸೋಜಿಗವೆಂದರೆ, ಇದರ ಕೀಲಿಕೈ ನಮ್ಮ ಮಕ್ಕಳ ಬಳಿಯೇ ಇದೆ. ಖಾಯಿದಾ ಓದುವಾಗ ತಶ್ದೀದ್ ಬಂದರೆ ಅವರು ಹಿಜ್ಜೆ ಮಾಡುವುದು ಹೇಗೆ? ‘ರಾ ಬಾ ಝಬರ್ ರಬ್, ಬಾ ಝೇರ್ ಬಿ, ರಬ್ಬಿ.’ ಒಂದೇ ಅಕ್ಷರ ಹಿಂದಿನದಕ್ಕೂ ಅಂಟುತ್ತದೆ, ಮುಂದೆ ತಾನೂ ನಿಲ್ಲುತ್ತದೆ. ‘ಹಕ್-ಕಿ’, ‘ಅಣ್-ಣ’, ‘ಬೆಲ್-ಲ’ ಎಲ್ಲವೂ ಅದೇ ಲೆಕ್ಕ. ಇಂಗ್ಲಿಷಿನ ‘ನ್ಯಾಪ್-ಕಿನ್’ ಕೂಡ ಎರಡು ವ್ಯಂಜನಗಳ ನಡುವೆಯೇ ಒಡೆಯುತ್ತದೆ. ಮದ್ರಸಾದಲ್ಲಿ ಕಲಿತ ನನಗೇ ಈ ಸಂಬಂಧ ಹೊಳೆದದ್ದು ಬಿ.ಎ. ಓದುವಾಗ! ಉಸ್ತಾದರೂ ಶಾಲೆಯ ಶಿಕ್ಷಕಿಯೂ ಒಮ್ಮೆ ಜೊತೆಗೆ ಕುಳಿತು ಮಾತನಾಡಿದರೆ, ಒಂದೇ ಪಾಠವನ್ನು ಎರಡು ಬಾರಿ ಹೊಸದಾಗಿ ಕಲಿಯುವ ಶ್ರಮ ಮಗುವಿಗೆ ತಪ್ಪೀತು.

ಇನ್ನು ಅರ್ಥದ ಮಾತು. ‘ಮರ’ ಎಂದು ಸರಿಯಾಗಿ ಓದಿದರೂ ದಖನಿ ಮಗುವಿಗೆ ಅದು ಏನೆಂದು ತಿಳಿಯದು. ಮನೆಯಲ್ಲಿ ಅದು ‘ಝಾಡ್’. ಆದ್ದರಿಂದ ಎರಡೂ ಕಡೆ ಬಳಕೆಯಲ್ಲಿರುವ ‘ಗಾಡಿ’, ‘ಚಹಾ’ಗಳಿಂದ, ‘ಸನಾ’, ‘ಹಿನಾ’ದಂತಹ ಹೆಸರುಗಳಿಂದ ಆರಂಭಿಸಿರಿ.

ಇಂದು ರಾತ್ರಿಯೇ ಪಾಟಿಯ ಮೇಲೆ ‘ಸರ’ ಬರೆದು ಓದಿಸಿರಿ. ಅಳಿಸಿ ‘ರಸ’ ಬರೆಯಿರಿ. ಅದನ್ನೂ ಓದಿದರೆ ಮಗುವಿಗೆ ಓದು ಬಂದಿದೆ. ತಡವರಿಸಿದರೆ ಗದರಬೇಡಿರಿ, ಎರಡನೆಯ ಅಕ್ಷರವನ್ನು ಬೆರಳಿನಿಂದ ಮುಚ್ಚಿ, ಮೊದಲನೆಯದನ್ನು ಮಾತ್ರ ಕೇಳಿರಿ.