ರೂಟರ್ ಯಂತ್ರವನ್ನು ತಲೆಕೆಳಗು ಮಾಡಿ ನೋಡಿ ಕೊಳ್ಳಿ

(ರೈತರು ಮತ್ತು ಬಡಗಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಹಿಂದೆ ಸುಗ್ಗಿಯ ಕಾಲದಲ್ಲಿ ಊರ ಬಡಗಿಗಳು ಕಣಕ್ಕೆ ಬಂದು ತಮ್ಮ ಆಯವನ್ನು ಪಡೆದು ಹೋಗುತ್ತಿದ್ದರು. ವರ್ಷವೆಲ್ಲ ನೇಗಿಲು, ಕುಂಟೆ, ಕೂರಿಗೆ, ಬಂಡಿಗಳನ್ನು ಸರಿಪಡಿಸುವುದು ಅವರ ಕೆಲಸ. ವರ್ಷಕ್ಕೊಮ್ಮೆ ಕಾಳು ಅಳೆದು ಕೊಡುವುದು ರೈತರ ಕೆಲಸ. ಆ ಕಾಲ ಬಹುಮಟ್ಟಿಗೆ ಮುಗಿದಿದೆ. ಟ್ರ್ಯಾಕ್ಟರು ಬಂದ ಮೇಲೆ ಮರದ ನೇಗಿಲಿಗೆ ಕೆಲಸ ಕಡಿಮೆಯಾಯಿತು. ಆದರೆ ಮರದ ಕೆಲಸ ನಿಂತಿಲ್ಲ. ಮನೆಗೆ ಬಾಗಿಲು ಬೇಕು, ಕಿಟಕಿ ಬೇಕು, ಮಂಚ ಬೇಕು, ತೋಟಕ್ಕೆ ಜೇನುಪೆಟ್ಟಿಗೆ ಬೇಕು. ಬದುವಿನ ಮೇಲೆ ಸಿಲ್ವರ್ ಓಕ್, ತೇಗ, ಹಲಸು ಬೆಳೆದವರೂ ನಮ್ಮಲ್ಲಿದ್ದಾರೆ. ನಮ್ಮ ಮರವನ್ನು ಪೇಟೆಗೆ ಕಳುಹಿಸಿ, ಅದೇ ಮರದ ಬಾಗಿಲನ್ನು ಪೇಟೆಯಿಂದ ಹೆಚ್ಚು ಬೆಲೆಗೆ ತರುವುದಕ್ಕಿಂತ, ಊರಲ್ಲೇ ಮಾಡಿಸುವುದು ಎಲ್ಲ ವಿಧದಲ್ಲೂ ಲೇಸು.

ಈ ಉದ್ದೇಶದಿಂದಲೇ ಈಗ ಅನೇಕ ಕಡೆ ಯುವಕರು, ಸಂಘದವರು ಸೇರಿ ಮರಗೆಲಸದ ಶೆಡ್ಡು ಹಾಕುತ್ತಿದ್ದಾರೆ. ಅವರೆಲ್ಲ ಕೇಳುವ ಒಂದು ಯಂತ್ರ ರೂಟರ್. ಮೊಬೈಲಿಗೂ ಟೀವಿಗೂ ಇಂಟರ್ನೆಟ್ ಕೊಡುವ ಪೆಟ್ಟಿಗೆಗೂ ಅದೇ ಹೆಸರಿದೆ; ಅದು ಬೇರೆ, ಇದು ಬೇರೆ. ನಾನು ಹೇಳುವುದು ಮರ ಕೊರೆಯುವ ರೂಟರಿನ ವಿಷಯ.

ಯಂತ್ರ ಯಾವುದು?

ಇದೊಂದು ವಿದ್ಯುತ್ ಮೋಟಾರು. ಅದರ ತುದಿಯಲ್ಲಿರುವ ಕೊಲೆಟ್ ಎಂಬ ಹಿಡಿಯೊಳಗೆ ಉಕ್ಕಿನ ಬಿಟ್ಟನ್ನು ಸಿಕ್ಕಿಸಿ ಬಿಗಿ ಮಾಡುತ್ತಾರೆ. ಮೋಟಾರು ನಿಮಿಷಕ್ಕೆ ಹತ್ತು ಸಾವಿರದಿಂದ ಮೂವತ್ತು ಸಾವಿರ ಸುತ್ತಿನವರೆಗೆ ತಿರುಗುತ್ತದೆ. ಹತ್ತರಿಯಿಂದಲೂ ಉಳಿಯಿಂದಲೂ ಅರ್ಧ ದಿನ ಹಿಡಿಯುವ ತೋಡು, ಅಂಚಿನ ಮೆಟ್ಟಿಲು, ಚೌಕಟ್ಟಿನ ನಕಾಸಿ ಇವೆಲ್ಲ ಕೆಲವೇ ನಿಮಿಷಗಳಲ್ಲಿ ಆಗುತ್ತವೆ.

ಇದನ್ನು ಎರಡು ರೀತಿಯಲ್ಲಿ ಬಳಸಬಹುದು. ಮರವನ್ನು ಬಿಗಿದಿಟ್ಟು ಯಂತ್ರವನ್ನು ಕೈಯಲ್ಲಿ ಹಿಡಿದು ಅದರ ಮೇಲೆ ಸಾಗಿಸುವುದು ಒಂದು. ಯಂತ್ರವನ್ನೇ ಮೇಜಿನ ಕೆಳಗೆ ತಲೆಕೆಳಗಾಗಿ ಕಟ್ಟಿ, ಬಿಟ್ಟಿನ ತುದಿ ಮಾತ್ರ ಮೇಜಿನ ತೂತಿನಿಂದ ಮೇಲೆ ಬರುವಂತೆ ಮಾಡಿ, ಮರವನ್ನು ಅದರ ಮೇಲೆ ಸಾಗಿಸುವುದು ಇನ್ನೊಂದು. ಒಂದೇ ಅಳತೆಯ ತುಂಡುಗಳನ್ನು ನೂರಾರು ಮಾಡಬೇಕಾದಾಗ ಮೇಜೇ ಅನುಕೂಲ.

ನಾನು ಇಂದು ಹೇಳಬೇಕಾದದ್ದು ಒಂದೇ ಮಾತು. ಕೈಯಲ್ಲಿ ಚೆನ್ನಾಗಿ ಕೆಲಸ ಮಾಡುವ ಯಂತ್ರ ಮೇಜಿನ ಕೆಳಗೂ ಚೆನ್ನಾಗಿ ಮಾಡುತ್ತದೆಂದು ತಿಳಿಯಬೇಡಿ. ಎತ್ತನ್ನು ಕೊಳ್ಳುವಾಗ ಹಲ್ಲು ನೋಡುತ್ತೀರಿ, ನಡೆಸಿ ನೋಡುತ್ತೀರಿ. ಹಾಗೆಯೇ ಈ ಯಂತ್ರವನ್ನು ಅಂಗಡಿಯ ಹಲಗೆಯ ಮೇಲೆ ತಲೆಕೆಳಗು ಮಾಡಿ ನೋಡಿ ಕೊಳ್ಳಬೇಕು.

ನಾನು ಕಲಿತ ಪಾಠ

ಕೆಲವು ವರ್ಷಗಳ ಹಿಂದೆ ಒಂದು ಶೆಡ್ಡಿಗೆ ಯಂತ್ರ ಕೊಡಿಸಲು ನಾನೇ ಹೋಗಿದ್ದೆ. ಅಂಗಡಿಯವರು ದೊಡ್ಡ ಯಂತ್ರವೊಂದನ್ನು ತೋರಿಸಿದರು. ಬಲವಾಗಿತ್ತು, ಸದ್ದೂ ಗಂಭೀರವಾಗಿತ್ತು. ಮರು ಮಾತಿಲ್ಲದೆ ತಂದೆವು. ಅದು ಎರಡು ಕಂಬಗಳ ಮೇಲೆ ಕೆಳಕ್ಕೆ ಒತ್ತುವ ಜಾತಿ. ಇದಕ್ಕೆ ಪ್ಲಂಜ್ ರೂಟರ್ ಎನ್ನುತ್ತಾರೆ. ಕೈಯಲ್ಲಿ ಹಿಡಿದಾಗ ಅದರೊಳಗಿನ ಸ್ಪ್ರಿಂಗು ಮೋಟಾರನ್ನು ಮೇಲಕ್ಕೆತ್ತಿ ಸಹಾಯ ಮಾಡುತ್ತದೆ. ಮೇಜಿನ ಕೆಳಗೆ ತಲೆಕೆಳಗಾದಾಗ ಅದೇ ಸ್ಪ್ರಿಂಗು ಮೋಟಾರನ್ನು ಕೆಳಕ್ಕೆ ನೂಕುತ್ತದೆ. ಮೋಟಾರಿನ ಭಾರ ಬೇರೆ ಕೆಳಕ್ಕೆ ಎಳೆಯುತ್ತದೆ. ಬಿಟ್ಟನ್ನು ಒಂದು ಮಿಲಿಮೀಟರು ಮೇಲೆತ್ತಬೇಕಾದರೆ ಮಂಡಿಯೂರಿ, ಬ್ಯಾಟರಿ ಹಿಡಿದು, ಒಂದು ಕೈಯಿಂದ ಯಂತ್ರವನ್ನು ನೂಕುತ್ತ ಇನ್ನೊಂದು ಕೈಯಿಂದ ಬಿಗಿಯಬೇಕಾಗಿತ್ತು.

ಆ ಶೆಡ್ಡಿಗೆ ಬಂದ ಮೊದಲ ಕೆಲಸ ಜೇನುಪೆಟ್ಟಿಗೆ. ಪೆಟ್ಟಿಗೆಯ ಒಳಗಂಚಿನಲ್ಲಿ ಮೆಟ್ಟಿಲಿನಂತೆ ಕೊರೆದು, ಅದರ ಮೇಲೆ ಚೌಕಟ್ಟುಗಳ ಕಿವಿಗಳನ್ನು ಕೂರಿಸುತ್ತಾರೆ. ಚೌಕಟ್ಟಿಗೂ ಪೆಟ್ಟಿಗೆಗೂ ನಡುವೆ ಜೇನುನೊಣ ಓಡಾಡಲು ಬಿಡುವ ಸಂದು ಒಂದು ಸೆಂಟಿಮೀಟರಿಗೂ ಕಡಿಮೆ. ಸಂದು ಹೆಚ್ಚಾದರೆ ನೊಣಗಳು ಅಲ್ಲೇ ಎರಿ ಕಟ್ಟಿ ಚೌಕಟ್ಟನ್ನು ಅಂಟಿಸಿಬಿಡುತ್ತವೆ. ಕಡಿಮೆಯಾದರೆ ಅವಕ್ಕೆ ದಾರಿಯಿಲ್ಲ. ನಮ್ಮ ಮೊದಲ ಹತ್ತು ಪೆಟ್ಟಿಗೆಗಳು ಸರಿಯಾಗಿದ್ದವು. ಆಮೇಲೆ ಯಂತ್ರದ ಬಿಗಿ ಸ್ವಲ್ಪ ಸ್ವಲ್ಪವೇ ಜಾರಿತು. ಎರಡು ಮಿಲಿಮೀಟರು ವ್ಯತ್ಯಾಸ ಬಂದದ್ದು ನಮಗೆ ಗೊತ್ತಾಗಲಿಲ್ಲ, ಪೆಟ್ಟಿಗೆ ಕೊಂಡ ರೈತರಿಗೆ ಗೊತ್ತಾಯಿತು. ಪೆಟ್ಟಿಗೆಗಳು ಹಿಂದಕ್ಕೆ ಬಂದವು. ಯಂತ್ರ ಕೆಟ್ಟದ್ದಲ್ಲ, ನಾವು ಅದನ್ನು ಸಲ್ಲದ ಜಾಗಕ್ಕೆ ಕಟ್ಟಿದ್ದೆವು.

ಏನೇನು ನೋಡಬೇಕು?

ಮೊದಲನೆಯದು ಎತ್ತರ ಹೊಂದಿಸುವ ಏರ್ಪಾಡು. ಮೋಟಾರನ್ನು ತಳದೊಳಗೆ ತಿರುಪಿನಿಂದ ಏರಿಳಿಸಿ ಬಿಗಿಯುವ ಸ್ಥಿರ ತಳದ ಯಂತ್ರ ಮೇಜಿಗೆ ಸುಲಭ. ಪ್ಲಂಜ್ ಯಂತ್ರವನ್ನೇ ಕೊಳ್ಳುವುದಾದರೆ, ಮೇಜಿನ ಮೇಲಿನಿಂದಲೇ ಕೀಲಿ ಹಾಕಿ ಎತ್ತರಿಸುವ ತಿರುಪು ಇದೆಯೇ, ಸ್ಪ್ರಿಂಗನ್ನು ತೆಗೆದಿಡಲು ತಯಾರಕರು ದಾರಿ ಮಾಡಿದ್ದಾರೆಯೇ ಎಂದು ಕೇಳಿ. ಬಿಗಿದ ಮೇಲೆ ಮೋಟಾರನ್ನು ಕೈಯಿಂದ ಅಲ್ಲಾಡಿಸಿ ನೋಡಿ. ಅಲ್ಲಾಡಿದರೆ ಬೇಡ.

ಎರಡನೆಯದು ಕೊಲೆಟ್. ಬಿಟ್ಟುಗಳ ಕಾಂಡ 6, 8, 12 ಮಿಲಿಮೀಟರು ದಪ್ಪದಲ್ಲಿ ಬರುತ್ತವೆ. ಅಂಗುಲದ ಲೆಕ್ಕದಲ್ಲಿ ಕಾಲು ಅಂಗುಲ, ಅರ್ಧ ಅಂಗುಲ. ಬಾಗಿಲ ಹಲಗೆಯ ಕೆಲಸಕ್ಕೆ ದಪ್ಪ ಕಾಂಡವೇ ಬೇಕು. 6 ಮಿಲಿಮೀಟರಿಗಿಂತ 12 ಮಿಲಿಮೀಟರಿನ ಕಾಂಡ ಎರಡರಷ್ಟು ದಪ್ಪ, ಆದರೆ ಬಾಗದೆ ನಿಲ್ಲುವ ಬಲ ಹದಿನಾರರಷ್ಟು. ಇಲ್ಲಿ ಒಂದು ಮೋಸವಿದೆ, ಗಮನಿಸಿ. ಅರ್ಧ ಅಂಗುಲವೆಂದರೆ 12 ಅಲ್ಲ, 12.7 ಮಿಲಿಮೀಟರು. ಕಾಲು ಅಂಗುಲವೆಂದರೆ 6.35. ಅಂಗುಲದ ಕೊಲೆಟ್ಟಿಗೆ ಮಿಲಿಮೀಟರಿನ ಬಿಟ್ಟನ್ನು ಹಾಕಿದರೆ ಬಿಗಿಯಾದಂತೆ ಕಾಣಬಹುದು. ತಿರುಗುವಾಗ ಜಾರಿ ಹೊರಬರುತ್ತದೆ. ಯಾವ ಅಳತೆಯ ಕೊಲೆಟ್ಟೋ ಅದೇ ಅಳತೆಯ ಬಿಟ್ಟನ್ನೇ ಕೊಳ್ಳಿ. ಅಳತೆಯನ್ನು ಶೆಡ್ಡಿನ ಗೋಡೆಯ ಮೇಲೆ ಬರೆದಿಡಿ.

ಮೂರನೆಯದು ವೇಗ. ಸಣ್ಣ ಬಿಟ್ಟಿಗೆ ಹೆಚ್ಚು ವೇಗ, ದೊಡ್ಡ ಬಿಟ್ಟಿಗೆ ಕಡಿಮೆ ವೇಗ; ಇದು ನಿಯಮ. ಏಕೆಂದು ಲೆಕ್ಕ ಹಾಕಿ ನೋಡೋಣ. 20 ಮಿಲಿಮೀಟರು ಅಗಲದ ಬಿಟ್ಟು ನಿಮಿಷಕ್ಕೆ 22,000 ಸುತ್ತು ತಿರುಗಿದರೆ ಅದರ ಅಂಚು ಗಂಟೆಗೆ ಸುಮಾರು 83 ಕಿಲೋಮೀಟರು ವೇಗದಲ್ಲಿ ಓಡುತ್ತದೆ. ಬಾಗಿಲ ಹಲಗೆಯ ಅಂಚು ಇಳಿಸುವ 80 ಮಿಲಿಮೀಟರು ಅಗಲದ ಬಿಟ್ಟು ಅಷ್ಟೇ ಸುತ್ತು ತಿರುಗಿದರೆ ಅಂಚಿನ ವೇಗ ಗಂಟೆಗೆ 330 ಕಿಲೋಮೀಟರು ದಾಟುತ್ತದೆ. ಅಂಥ ಬಿಟ್ಟು ಮುರಿದರೆ ಅದು ಬಂದೂಕಿನ ಗುಂಡಿನಂತೆ. ಅದನ್ನು 10,000 ಸುತ್ತಿನ ಆಸುಪಾಸಿಗೆ ಇಳಿಸಬೇಕು. ಆದುದರಿಂದ ವೇಗ ಬದಲಿಸುವ ಗಾಲಿಯಿಲ್ಲದ ಯಂತ್ರ ಮೇಜಿಗೆ ಸಲ್ಲದು. ಮೆಲ್ಲಗೆ ಶುರುವಾಗುವ, ಮರ ತಾಗಿದಾಗ ವೇಗ ಕುಗ್ಗದ ಏರ್ಪಾಡಿದ್ದರೆ ಇನ್ನೂ ಒಳ್ಳೆಯದು. ಬಿಟ್ಟಿನ ಮೇಲೆ ಬರೆದಿರುವ ಗರಿಷ್ಠ ವೇಗವನ್ನು ಎಂದೂ ಮೀರಬೇಡಿ.

ನಾಲ್ಕನೆಯದು ಶಕ್ತಿ. ಒಂದೇ ಕೈಯಲ್ಲಿ ಹಿಡಿಯುವ, ಸನ್‌ಮೈಕಾ ಅಂಚು ಕತ್ತರಿಸುವ ಟ್ರಿಮ್ಮರ್ ಯಂತ್ರ 500ರಿಂದ 700 ವ್ಯಾಟಿನದು. ಸಣ್ಣ ಅಂಚು, ಸಣ್ಣ ತೋಡುಗಳಿಗೆ ಅದು ಸಾಕು, ಬಾಗಿಲಿಗೆ ಸಾಲದು. ಜೇನುಪೆಟ್ಟಿಗೆ, ಕಿಟಕಿಯ ಚೌಕಟ್ಟು, ಮಂಚದ ಕೆಲಸಕ್ಕೆ 1,200ರಿಂದ 1,600 ವ್ಯಾಟ್ ಸಾಕು. ದೊಡ್ಡ ಬಿಟ್ಟು ಹಾಕಿ ಬಾಗಿಲುಗಳನ್ನೇ ಸತತವಾಗಿ ಮಾಡುವವರಿಗೆ 2,000 ವ್ಯಾಟಿನ ಆಸುಪಾಸು ಬೇಕು. ಬರುವ ವರ್ಷ ನಿಮ್ಮ ಊರಿನಲ್ಲಿ ನಿಜವಾಗಿ ಏನು ಕೆಲಸ ಸಿಗುತ್ತದೆಂದು ಮೊದಲು ಪಟ್ಟಿ ಮಾಡಿ, ಆಮೇಲೆ ಅಂಗಡಿಗೆ ಹೋಗಿ. ಐದಾರು ಕಿಲೋ ತೂಗುವ ಯಂತ್ರ ನೇತಾಡಿದರೆ ತೆಳುವಾದ ಪ್ಲೈವುಡ್ ಮೇಜು ಕ್ರಮೇಣ ಕುಸಿಯುತ್ತದೆ ಎಂಬುದೂ ನೆನಪಿರಲಿ.

ಐದನೆಯದು ಬಿಟ್ಟು ಬದಲಿಸುವ ಅನುಕೂಲ. ಯಂತ್ರವನ್ನು ತಲೆಕೆಳಗಿಟ್ಟು, ಸ್ಪಾನರ್ ಹಿಡಿದು, ಕೊಲೆಟ್ಟಿನ ನಟ್ಟಿಗೆ ಕೈ ಸಲೀಸಾಗಿ ತಲುಪುತ್ತದೆಯೇ ನೋಡಿ. ಕೊಲೆಟ್ ಮೇಜಿನ ಮಟ್ಟದವರೆಗೆ ಬಂದರೆ ಅರ್ಧ ಶ್ರಮ ಉಳಿಯಿತು.

ಬೆರಳು ಉಳಿಸುವ ಸ್ವಿಚ್ಚು

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಒಂದು ದಿನ ಅದೇ ಶೆಡ್ಡಿನಲ್ಲಿ ಕೆಲಸ ನಡೆಯುತ್ತಿದ್ದಾಗ ಕರೆಂಟು ಹೋಯಿತು. ಹಲಗೆಯನ್ನು ಮೇಜಿನ ಮೇಲೆ ಹಾಗೆಯೇ ಬಿಟ್ಟು ನಾವೆಲ್ಲ ಚಹಾ ಕುಡಿಯಲು ಹೋದೆವು. ಸ್ವಿಚ್ಚು ಆರಿಸಲು ಯಾರಿಗೂ ನೆನಪಾಗಲಿಲ್ಲ. ಸ್ವಲ್ಪ ಹೊತ್ತಿಗೆ ಕರೆಂಟು ಬಂತು. ಯಂತ್ರ ತಾನೇ ಎದ್ದು ಹಲಗೆಯನ್ನು ಗೋಡೆಗೆ ಎಸೆಯಿತು. ಆಗ ಯಾರಾದರೂ ಹುಡುಗ ಬಿಟ್ಟಿಗೆ ಕೈ ಹಾಕಿದ್ದರೆ, ಆ ಕೈ ಮುಂದೆ ಕುಡುಗೋಲು ಹಿಡಿಯುತ್ತಿರಲಿಲ್ಲ.

ಕರೆಂಟು ಹೋದಾಗ ತಾನೇ ಆರಿ, ಬಂದಾಗ ನಾವು ಮತ್ತೆ ಗುಂಡಿ ಒತ್ತುವವರೆಗೆ ಏಳದ ಸ್ವಿಚ್ಚು ಸಿಗುತ್ತದೆ. ನೋ ವೋಲ್ಟ್ ಸ್ವಿಚ್ ಎಂದು ಕೇಳಿ. ದೊಡ್ಡ ಕೆಂಪು ಗುಂಡಿಯ ಈ ಸ್ವಿಚ್ಚನ್ನು ಮೇಜಿನ ಮುಂದುಗಡೆ, ತೊಡೆಗೆ ತಾಗಿಸಿ ಆರಿಸುವಂತೆ ಹಾಕಿಸಿ. ಹಣ ಸಾಲದಿದ್ದರೆ ಬಿಟ್ಟುಗಳನ್ನು ಎರಡು ಕಡಿಮೆ ಕೊಳ್ಳಿ, ಈ ಸ್ವಿಚ್ಚನ್ನು ಬಿಡಬೇಡಿ. ಕೈ ಒತ್ತಿ ಹಿಡಿದಿದ್ದರೆ ಮಾತ್ರ ಓಡುವ ಸ್ವಿಚ್ಚಿನ ಯಂತ್ರವನ್ನು ಮೇಜಿಗೆಂದು ಕೊಳ್ಳಬೇಡಿ. ಅದನ್ನು ದಾರದಿಂದ ಕಟ್ಟಿ ಓಡಿಸುವುದಂತೂ ಕೂಡದು.

ವಿದ್ಯುತ್ತು ಮತ್ತು ಆರೈಕೆ

2,000 ವ್ಯಾಟಿನ ಯಂತ್ರ 230 ವೋಲ್ಟಿನಲ್ಲಿ ಸುಮಾರು 9 ಆಂಪೇರು ಎಳೆಯುತ್ತದೆ. ದೀಪ, ಫ್ಯಾನುಗಳ 6 ಆಂಪೇರಿನ ಸಾಕೆಟ್ಟಿಗೆ ಅದನ್ನು ಹಾಕಬಾರದು. 16 ಆಂಪೇರಿನದು ಬೇಕು. ತೆಳು ತಂತಿಯನ್ನು ದೂರದಿಂದ ಎಳೆದರೆ ವೋಲ್ಟೇಜು ಕುಸಿದು ಮೋಟಾರು ಕಾಯುತ್ತದೆ. ಪಂಪ್‌ಸೆಟ್ಟಿನ ಸಂಪರ್ಕದಿಂದ ತಂತಿ ಎಳೆಯಬೇಡಿ. ಅದು ನೀರಾವರಿಗೆಂದು ಕೊಟ್ಟದ್ದು. ಶೆಡ್ಡಿಗೆ ಸರಿಯಾದ ಅರ್ತಿಂಗೂ ವಿದ್ಯುತ್ ಸೋರಿದರೆ ಕಡಿದುಹಾಕುವ 30 ಮಿಲಿ ಆಂಪೇರಿನ ಆರ್‌ಸಿಸಿಬಿಯೂ ಇರಲಿ.

ತಲೆಕೆಳಗಾಗಿರುವ ಯಂತ್ರದೊಳಕ್ಕೆ ಮರದ ಪುಡಿ ಸದಾ ಬೀಳುತ್ತದೆ. ದಿನವೂ ಪ್ಲಗ್ ಕಿತ್ತು, ಗಾಳಿ ಊದಿ ತೆಗೆಯಬೇಕು. ಮೋಟಾರಿನ ಕಾರ್ಬನ್ ಬ್ರಷ್ ಸವೆಯುವ ವಸ್ತು. ಅದೂ ಕೊಲೆಟ್ಟೂ ಜಿಲ್ಲಾ ಕೇಂದ್ರದಲ್ಲಾದರೂ ಸಿಗುತ್ತವೆಯೇ ಎಂದು ವಿಚಾರಿಸಿಯೇ ಹಣ ಕೊಡಿ. ಬಿಡಿಭಾಗ ಸಿಗದ ಅಗ್ಗದ ಯಂತ್ರ ಕೊನೆಗೆ ದುಬಾರಿ.

ಕೆಲಸ ಮಾಡುವಾಗ

ಮರವನ್ನು ಯಾವಾಗಲೂ ಬಲದಿಂದ ಎಡಕ್ಕೆ, ಬಿಟ್ಟು ತಿರುಗುವ ದಿಕ್ಕಿಗೆ ಎದುರಾಗಿ ಸಾಗಿಸಿ. ಎಡದಿಂದ ಬಲಕ್ಕೆ ಸಾಗಿಸಿದರೆ ಬಿಟ್ಟು ಮರವನ್ನು ಕಿತ್ತುಕೊಂಡು ಓಡುತ್ತದೆ, ಕೈಯೂ ಜೊತೆಗೇ ಹೋಗುತ್ತದೆ. ಬಿಟ್ಟಿಗೂ ಹಿಂದಿನ ಆನಿಕೆ ಪಟ್ಟಿಗೂ ನಡುವೆ ಮರವನ್ನು ತೂರಿಸಬೇಡಿ. ಒಂದೇ ಸಲಕ್ಕೆ ಆಳವಾಗಿ ಕೊರೆಯಬೇಡಿ. ಎರಡು ಮೂರು ಮಿಲಿಮೀಟರಿನಂತೆ ಹಲವು ಸಲ ಕೊರೆಯಿರಿ. ತುದಿಗೆ ಬಂದಾಗ ಕೈಯಿಂದ ನೂಕದೆ ಕೋಲಿನಿಂದ ನೂಕಿ. ಕೈಗವಸು, ಜೋಲಾಡುವ ಶಲ್ಯ, ಸೆರಗು ಬೇಡ. ಕಣ್ಣಿಗೆ ಕನ್ನಡಕ, ಮೂಗಿಗೆ ಮರೆ ಇರಲಿ. ಬಿಟ್ಟು ಬದಲಿಸುವ ಮುನ್ನ ಪ್ಲಗ್ ಕಿತ್ತು ಕಣ್ಣೆದುರು ಇಟ್ಟುಕೊಳ್ಳಿ.

ಹಣದ ಮಾತು

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿತನವೂ ಸೇರಿದೆ. ಅದರಲ್ಲಿ ಸಲಕರಣೆಗೆ 15,000 ರೂಪಾಯಿವರೆಗೆ ನೆರವನ್ನೂ, ಶೇಕಡಾ 5ರ ಬಡ್ಡಿಯಲ್ಲಿ ಮೊದಲ ಕಂತಾಗಿ ಒಂದು ಲಕ್ಷದವರೆಗೆ ಸಾಲವನ್ನೂ ಗೊತ್ತುಪಡಿಸಲಾಗಿದೆ. ಅರ್ಹರಾದ ಬಡಗಿಗಳು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ಆದರೆ ಸಾಲ ಸಿಗುತ್ತದೆಂದು ದೊಡ್ಡ ಯಂತ್ರ ತರಬೇಡಿ. ಕೆಲಸ ಎಷ್ಟಿದೆಯೋ ಅಷ್ಟಕ್ಕೆ ಯಂತ್ರ. ಇಬ್ಬರು ಮೂವರು ಬಡಗಿಗಳು ಕೂಡಿ ಒಂದು ಮೇಜು ಇಟ್ಟುಕೊಂಡರೂ ಊರಿಗೆ ಸಾಕು.

ರೈತ ಬಾಂಧವರಲ್ಲಿ ನನ್ನ ಒಂದು ಬಿನ್ನಹ. ಮುಂದಿನ ಬಾಗಿಲು, ಮುಂದಿನ ಜೇನುಪೆಟ್ಟಿಗೆಯನ್ನು ಊರ ಶೆಡ್ಡಿಗೇ ಹೇಳಿ. ಕೆಲಸವಿದ್ದರೆ ತಾನೆ ಯಂತ್ರದ ಸಾಲ ತೀರುವುದು? ಬಡಗಿ ಮಿತ್ರರೇ, ನೀವು ಅಂಗಡಿಗೆ ಹೋದಾಗ ನಾಚಬೇಡಿ. ಯಂತ್ರವನ್ನು ತಲೆಕೆಳಗಿಡಿ, ಎತ್ತರಿಸಿ, ಬಿಗಿಯಿರಿ, ಅಲ್ಲಾಡಿಸಿ, ಸ್ವಿಚ್ಚು ನೋಡಿ. ಅಂಗಡಿಯವರು ನಕ್ಕರೆ ನಗಲಿ. ಹಣ ನಿಮ್ಮದು, ಬೆರಳೂ ನಿಮ್ಮದು.