ಹಲಗೆ ಮೇಲೆ ಒಣಮೀನು ಯಾಕಿಲ್ಲ?

ಇವತ್ತು ಯಾವ ಪಕ್ಷದ ಜಗಳವೂ ಇಲ್ಲ, ಯಾರ ರಾಜೀನಾಮೆಯೂ ಇಲ್ಲ. ಇವತ್ತಿನ ವಿಷಯ ಒಂದು ಮರದ ಹಲಗೆ. ನಗಬೇಡಿ, ಪೂರ್ತಿ ಕೇಳಿ.

ಹಿಂದೆ ಒಮ್ಮೆ ಕಾರವಾರದಲ್ಲಿ ಪರಿಚಿತರ ಮನೆಗೆ ಹೋಗಿದ್ದೆ. ಬೆಂಗಳೂರಲ್ಲಿ ಕೆಲಸ ಮಾಡೋ ಮಗ ಊರಿಗೆ ಬಂದಿದ್ದ, ಗೆಳೆಯರನ್ನೂ ಕರೆದಿದ್ದ. ಟೀಪಾಯಿ ಮೇಲೆ ಮೊಳದುದ್ದದ ಹಲಗೆ. ಅದರ ಮೇಲೆ ಕಾಗದದಷ್ಟು ತೆಳ್ಳಗೆ ಕತ್ತರಿಸಿದ ಮಾಂಸ, ಎರಡು ಬಗೆಯ ಚೀಸ್, ಆಲಿವ್ ಕಾಯಿ, ದ್ರಾಕ್ಷಿ, ಬಿಸ್ಕತ್ತು. ಇದೇನಪ್ಪಾ ಅಂದೆ. "ಶಾರ್ಕುಟ್ರಿ ಬೋರ್ಡ್ ಸರ್, ಈಗ ಪಾರ್ಟಿ ಅಂದ್ರೆ ಇದೇ" ಅಂದ. ಅಷ್ಟರಲ್ಲಿ ಅಡುಗೆಮನೆಯಿಂದ ಅವನ ಅಮ್ಮ ಇಣುಕಿದರು. ಹುಡುಗ ದನಿ ತಗ್ಗಿಸಿ ಹೇಳಿದ: "ಅಮ್ಮಾ, ಇವತ್ತೊಂದು ದಿನ ಒಣಮೀನು ಸುಡ್ಬೇಡ. ವಾಸನೆ ಬರ್ತದೆ." ಅವರು "ಆಯ್ತು ಮಾರಾಯ" ಅಂದು ಒಳಗೆ ಹೋದರು.

ಹುಡುಗ ಒಳ್ಳೆಯವನೇ. ಆದರೂ ಆ ಮಾತು ನನಗೆ ಚುಚ್ಚಿತು. ಯಾಕೆ ಗೊತ್ತಾ? ಅವನು ಅಷ್ಟು ದುಡ್ಡು ಕೊಟ್ಟು ತಂದು ಹಲಗೆ ಮೇಲೆ ಜೋಡಿಸಿದ್ದೂ ಒಂದು ರೀತಿಯಲ್ಲಿ ಒಣಮೀನೇ! ಮೀನಿನ ಬದಲು ಹಂದಿ, ಅಷ್ಟೇ ವ್ಯತ್ಯಾಸ.

ಸ್ವಲ್ಪ ಬಿಡಿಸಿ ಹೇಳ್ತೀನಿ. ಶಾರ್ಕುಟ್ರಿ ಅನ್ನೋದು ಫ್ರೆಂಚ್ ಮಾತು. ಮಾಂಸ, ಬೇಯಿಸಿದ್ದು, ಈ ಎರಡು ಪದ ಸೇರಿ ಹುಟ್ಟಿದ್ದು. ಹಂದಿಮಾಂಸವನ್ನು ಹದಮಾಡಿ ಮಾರೋ ಅಂಗಡಿಗೆ ಆ ಹೆಸರು. ಫ್ರಿಜ್ ಇಲ್ಲದ ಕಾಲದಲ್ಲಿ ಒಂದು ಹಂದಿ ಕಡಿದರೆ ಅಷ್ಟೂ ಮಾಂಸ ಒಂದೇ ದಿನ ತಿಂದು ಮುಗಿಸೋಕಾಗುತ್ತಾ? ಉಪ್ಪು ಹಾಕಿದರು, ಹೊಗೆ ಹಾಕಿದರು, ಗಾಳಿಗೆ ನೇತುಹಾಕಿದರು. ಇಟಲಿಯ ಪಾರ್ಮಾ ಹ್ಯಾಮ್ ಅಂತ ಹೆಸರು ಕೇಳಿರ್ತೀರಿ. ಅದರಲ್ಲಿ ಇರೋದು ಹಂದಿಯ ತೊಡೆ ಮತ್ತು ಉಪ್ಪು. ಮಿಕ್ಕಿದ್ದೆಲ್ಲ ತಿಂಗಳುಗಟ್ಟಲೆ ಬೀಸೋ ಗಾಳಿಯ ಕೆಲಸ. ಉಪ್ಪು ಮಾಂಸದೊಳಗಿನ ನೀರನ್ನು ಎಳೆದು ತೆಗೆಯುತ್ತೆ, ನೀರಿಲ್ಲದ ಕಡೆ ಕೊಳೆಸೋ ಕ್ರಿಮಿ ಬೆಳೆಯಲ್ಲ. ಅದು ಶ್ರೀಮಂತರ ಶೋಕಿ ಆಗಿರಲಿಲ್ಲ ಸ್ವಾಮೀ, ಚಳಿಗಾಲ ದಾಟೋ ಉಪಾಯ.

ನಮ್ಮ ಕರಾವಳಿಯಲ್ಲಿ ದಾಟಬೇಕಾಗಿರೋದು ಚಳಿಗಾಲ ಅಲ್ಲ, ಮಳೆಗಾಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯೋ ಹಾಗಿಲ್ಲ. ಈ ನಿಷೇಧದ ಕಾನೂನು ಬರೋಕೆ ಮೊದಲೂ ಆಷಾಢದ ಕಡಲು ಯಾರಿಗೂ ದಾರಿ ಬಿಡ್ತಿರಲಿಲ್ಲ. ಅದಕ್ಕೇ ಏಪ್ರಿಲ್, ಮೇ ಬಿಸಿಲಲ್ಲಿ ಕಾರವಾರ, ಅಂಕೋಲಾ ಕಡೆಯ ದಂಡೆಗಳಲ್ಲಿ ಬಂಗಡೆ ಸೀಳಿ ಉಪ್ಪು ತುಂಬ್ತಾರೆ, ಶೆಟ್ಲಿ ಹರಡ್ತಾರೆ. ಘಟ್ಟದ ಮೇಲಿನವರಿಗೆ ಹೇಳ್ತೀನಿ, ಶೆಟ್ಲಿ ಅಂದ್ರೆ ಸೀಗಡಿ. ಮಗುಚಿ ಹಾಕೋದು, ಕಾಗೆ ಓಡಿಸೋದು, ಮೋಡ ಕಂಡ ಕೂಡಲೇ ಓಡಿಬಂದು ಒಳಗೆ ತುಂಬೋದು, ಆಮೇಲೆ ಬುಟ್ಟಿ ಹೊತ್ತು ಸಂತೆಗೆ ಹೋಗೋದು, ಇದರಲ್ಲಿ ಹೆಚ್ಚಿನ ಪಾಲು ಹೆಂಗಸರದ್ದೇ ದುಡಿಮೆ.

ಇನ್ನು ಉಪ್ಪು. ಅಂಕೋಲಾದವರಿಗೆ ಉಪ್ಪಿನ ಬೆಲೆ ಯಾರೂ ಪಾಠ ಮಾಡಬೇಕಾಗಿಲ್ಲ. ಗಾಂಧೀಜಿ ದಾಂಡಿಯಲ್ಲಿ ಉಪ್ಪು ಎತ್ತಿದ್ದು 1930ರ ಏಪ್ರಿಲ್ 6ಕ್ಕೆ. ಒಂದೇ ವಾರ, ಏಪ್ರಿಲ್ 13ಕ್ಕೆ ಅಂಕೋಲಾದಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಜನ ಬ್ರಿಟಿಷರ ಉಪ್ಪಿನ ಕಾನೂನು ಮುರಿದರು. ಗೋಕರ್ಣದ ಪಕ್ಕದ ಸಾಣಿಕಟ್ಟಾ ಆಗರದ ದಪ್ಪ ಹರಳುಪ್ಪು ಇವತ್ತಿಗೂ ಈ ಸೀಮೆಯ ಅಡುಗೆಮನೆಗಳಲ್ಲಿದೆ. ಇಂಥ ಊರಿನ ಹುಡುಗ ಉಪ್ಪಿನಲ್ಲಿ ಹದವಾದ ತಿನಿಸಿಗೆ ನಾಚಿಕೊಳ್ಳೋದು ಅಂದರೆ!

ಇನ್ನೊಂದು ತಮಾಷೆ ಕೇಳಿ. ಆ ಹಲಗೆ ಮೇಲಿನ ಊಟದ ಮುತ್ತಜ್ಜ ಕಾರವಾರದ ಕಡಲಿಗೆ ಯಾವತ್ತೋ ಬಂದಾಗಿದೆ. ವಾಸ್ಕೋ ಡ ಗಾಮಾ 1498ರಲ್ಲಿ ಹಿಂತಿರುಗುವಾಗ ಹಡಗು ನಿಲ್ಲಿಸಿದ್ದು ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ. ಆ ಕಾಲದ ಹಡಗಿನವರು ತಿಂಗಳುಗಟ್ಟಲೆ ಬದುಕ್ತಾ ಇದ್ದದ್ದೇ ಉಪ್ಪು ಹಾಕಿದ ಮಾಂಸ, ಉಪ್ಪುಮೀನು, ಕಲ್ಲಿನಂಥ ಬಿಸ್ಕತ್ತಿನ ಮೇಲೆ. ಮುಂದೆ ಪೋರ್ಚುಗೀಸರು ಗೋವಾದಲ್ಲಿ ತಳವೂರಿದ ಮೇಲೆ ಅವರ ಶೊರೀಸು ಅನ್ನೋ ಸಾಸೇಜು ನಮ್ಮ ಕೆಂಪು ಮೆಣಸು, ಬೆಳ್ಳುಳ್ಳಿ, ತೆಂಗಿನ ಕಳ್ಳಿನ ವಿನೆಗರ್ ಕುಡಿದು ಗೋವಾ ಸಾಸೇಜು ಆಯ್ತು. ಕಾಳಿ ನದಿ ದಾಟಿ ಸ್ವಲ್ಪ ಮುಂದೆ ಹೋದರೆ ಅಂಗಡಿಗಳಲ್ಲಿ ಮಣಿಸರದ ಹಾಗೆ ತೂಗ್ತಾ ಇರುತ್ತೆ. ಹಂದಿ ತಿನ್ನೋ ಮನೆಗೆ ಶಾರ್ಕುಟ್ರಿ ಬೇಕೇ ಬೇಕು ಅಂದರೆ ಅದಕ್ಕಿಂತ ಹತ್ತಿರದ್ದು ಇನ್ನೇನಿದೆ? ಆದರೆ ಎಚ್ಚರ, ಅದು ಹಸಿ ಮಾಂಸದ್ದು. ಹ್ಯಾಮ್ ಥರ ಕತ್ತರಿಸಿ ಹಾಗೇ ಇಡೋ ಹಾಗಿಲ್ಲ. ಸಿಪ್ಪೆ ಬಿಡಿಸಿ, ಅದರದ್ದೇ ಕೊಬ್ಬಿನಲ್ಲಿ ಈರುಳ್ಳಿ ಜೊತೆ ಚೆನ್ನಾಗಿ ಹುರಿಯಲೇಬೇಕು.

ಹಾಗಾದರೆ ನಮ್ಮ ಹಲಗೆ ಹೇಗಿರಬೇಕು? ಉಪ್ಪಿನದಕ್ಕೆ ಹುಳಿ ಬೇಕು, ಸ್ವಲ್ಪ ಸಿಹಿ ಬೇಕು, ಕೊಬ್ಬು ಬೇಕು, ಹಲ್ಲಿಗೆ ಸಿಕ್ಕಿ ಮುರಿಯೋ ಒಂದು ಕುರುಕಲು ಬೇಕು. ಫ್ರಾನ್ಸಿನ ಲೆಕ್ಕವೂ ಇದೇ, ನಮ್ಮ ಗಂಜಿಯೂಟದ ಲೆಕ್ಕವೂ ಇದೇ. ಒಣ ಬಂಗಡೆಯನ್ನು ಬೆಚ್ಚಗಿನ ನೀರಲ್ಲಿ ನೆನೆಸಿ, ಒಂದೆರಡು ಸಲ ನೀರು ಬದಲಿಸಿ ಉಪ್ಪು ಇಳಿಸಿ, ಕೆಂಡದ ಮೇಲೆ ಸುಟ್ಟು, ಮುಳ್ಳು ತೆಗೆದು ಎಳೆಎಳೆಯಾಗಿ ಬಿಡಿಸಿಡಿ. ಶೆಟ್ಲಿಯ ತಲೆ ಬಾಲ ಮುರಿದು, ಎಣ್ಣೆ ಇಲ್ಲದೆ ಸಣ್ಣ ಉರಿಯಲ್ಲಿ ಗರಿಗರಿ ಹುರಿದು, ತೆಂಗಿನ ತುರಿ, ಒಣಮೆಣಸು, ಹುಣಸೆಹಣ್ಣು ಹಾಕಿ ತರಿತರಿ ರುಬ್ಬಿದರೆ ಚಟ್ನಿ. ಹಸಿ ಈರುಳ್ಳಿ ಕೊನೆಗೆ. ಬೇಸಿಗೆಯಾದರೆ ಕುಮಟಾದ ಸಿಹಿ ಈರುಳ್ಳಿ ಹೆದ್ದಾರಿ ಪಕ್ಕದಲ್ಲೇ ಗೊಂಚಲು ಗೊಂಚಲಾಗಿ ಸಿಗುತ್ತೆ, ಅದನ್ನೇ ತನ್ನಿ. ಕೊಬ್ಬಿಗೆ ಹುರಿದ ಗೋಡಂಬಿ, ಕುರುಕಲಿಗೆ ಹಲಸಿನ ಹಪ್ಪಳ, ಹುಳಿಗೆ ಮಿಡಿ ಉಪ್ಪಿನಕಾಯಿ. ದ್ರಾಕ್ಷಿ ಯಾಕೆ? ಮಾವಿನ ಕಾಲವಾದರೆ ಅಂಕೋಲಾದ ಕರಿ ಇಷಾಡು ಇದೆ, 2023ರಲ್ಲಿ ಜಿಐ ಮಾನ್ಯತೆ ಸಿಕ್ಕ ಹಣ್ಣು. ಕುಡಿಯೋಕೆ ಮುರುಗಲಿನ ಸೋಲ್ ಕಡಿ. ಹಲಗೆಯೇ ಇಲ್ಲದಿದ್ದರೆ ತಲೆ ಕೆಡಿಸ್ಕೋಬೇಡಿ, ಬಾಳೆಲೆ ಹಾಸಿ. ಬಿ.ಪಿ. ಇರೋರು ಬಂಗಡೆ ಕಡೆ ಜಾಸ್ತಿ ಕೈ ಚಾಚಬೇಡಿ, ಆಮೇಲೆ ಟಿವಿಯವರು ಹೇಳಿದ್ರು ಅನ್ನಬೇಡಿ.

ಚೀಸು, ಹ್ಯಾಮ್ ನಿಮಗಿಷ್ಟವಾದರೆ ಇಡಿ, ನನ್ನ ತಕರಾರಿಲ್ಲ. ಆದರೆ ಕಾರವಾರದ ಸೆಕೆಯಲ್ಲಿ ಅವನ್ನು ಫ್ರಿಜ್‌ನಿಂದ ತೆಗೆದು ಎರಡು ಗಂಟೆ ಹೊರಗಿಟ್ಟರೆ ತಿನ್ನೋ ಹಾಗಿರಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ತುಂಬಾ ಹಳೇ ಕಾಲದವನು. ಎಲ್ಲವನ್ನೂ ಒಂದೇ ಹಲಗೆ ಮೇಲೆ ಒತ್ತೊತ್ತಾಗಿ ಪೇರಿಸೋದು ಈಗಿನ ಚೆಂದ, ಫೋಟೋ ಚೆನ್ನಾಗಿ ಬರುತ್ತೆ. ನಮ್ಮ ಸೀಮೆಯಲ್ಲಿ ಒಬ್ಬರಿಗೆ ಮೀನು ಆಗುತ್ತೆ ಮಾಂಸ ಆಗಲ್ಲ, ಒಬ್ಬರು ಹಂದಿ ಮುಟ್ಟಲ್ಲ, ಒಬ್ಬರಿಗೆ ಈರುಳ್ಳಿಯೂ ಬೇಡ, ಇನ್ನೊಬ್ಬರಿಗೆ ಶೆಟ್ಲಿ ತಿಂದರೆ ಮೈಯೆಲ್ಲ ತುರಿಕೆ. ಬಂದವರನ್ನು ಮೊದಲು ಕೂರಿಸಿ "ಆಸರಿಗೆ ಎಂತ ಬೇಕು?" ಅಂತ ಕೇಳೋ ಊರು ಇದು. ಆ ಪ್ರಶ್ನೆ ಹಲಗೆಗೂ ಇರಲಿ. ಹಂದಿಯದ್ದು ಬೇರೆ ತಟ್ಟೆ, ಮೀನಿನದ್ದು ಬೇರೆ, ಹಣ್ಣು ಹಪ್ಪಳ ದೂರ, ಪ್ರತಿಯೊಂದಕ್ಕೂ ಅದರದ್ದೇ ಚಮಚ. ಯಾವುದರಲ್ಲಿ ಏನಿದೆ ಅಂತ ಬಾಯಿಬಿಟ್ಟು ಹೇಳಿ.

ಇದನ್ನೆಲ್ಲ ಇಷ್ಟು ಎಳೆದು ಹೇಳೋಕೆ ಕಾರಣ ಇದೆ. ಅಂಕೋಲಾದ ಕೇಣಿಯಲ್ಲಿ ವಾಣಿಜ್ಯ ಬಂದರು ಬೇಡ ಅಂತ ಮೀನುಗಾರರು ಬೀದಿಗಿಳಿದರು. ಕಾರವಾರದಲ್ಲೂ ಬಂದರು ವಿಸ್ತರಣೆಗೆ ವಿರೋಧ ಬಂತು. ನಮ್ಮಂಥ ಚಾನೆಲ್‌ನವರು ಘೋಷಣೆ ತೋರಿಸ್ತೀವಿ, ಪೊಲೀಸರನ್ನು ತೋರಿಸ್ತೀವಿ. ದೋಣಿ ಎಲ್ಲಿ ಕಟ್ತಾರೆ ಅಂತಾದರೂ ಒಮ್ಮೊಮ್ಮೆ ಕೇಳ್ತೀವಿ. ಮೀನು ಎಲ್ಲಿ ಒಣಗಿಸ್ತೀರಮ್ಮಾ ಅಂತ ಯಾರು ಕೇಳಿದ್ದೀವಿ? ಒಣಗಿಸೋಕೆ ದಂಡೆ ಬೇಕು, ಬಿಸಿಲು ಬೀಳೋ ಬಯಲು ಬೇಕು. ತಿನ್ನೋರೇ ಬಚ್ಚಿಟ್ಟುಕೊಂಡು ತಿನ್ನೋ ಪದಾರ್ಥಕ್ಕೆ ಜಾಗ ಕೊಡಿ ಅಂತ ಆ ಹೆಂಗಸರು ಯಾರ ಹತ್ತಿರ ಹೋಗಿ ವಾದ ಮಾಡಬೇಕು?

ಆ ರಾತ್ರಿ ಏನಾಯ್ತು ಅಂದರೆ, ಹಲಗೆ ಅರ್ಧ ಖಾಲಿಯಾಯ್ತು. ಊಟಕ್ಕೆ ಕೂತಾಗ ಆ ಅಮ್ಮ ಹೇಳದೇ ಕೇಳದೇ ಶೆಟ್ಲಿ ಚಟ್ನಿಯ ಬಟ್ಟಲು ತಂದಿಟ್ಟರು. ಬೆಂಗಳೂರಿನ ಹುಡುಗರಲ್ಲಿ ಇಬ್ಬರು ಮೂಸಿ ಪಕ್ಕಕ್ಕೆ ತಳ್ಳಿದರು. ಒಬ್ಬ ಮಾತ್ರ ಅದೊಂದರಲ್ಲೇ ಊಟ ಮುಗಿಸಿದ. ಮಗ ತಲೆ ಎತ್ತಲಿಲ್ಲ, ಆದರೆ ಎರಡು ಸಲ ಹಾಕಿಸಿಕೊಂಡ.

ಹೊರಡುವಾಗ ಅವರು ಪೇಪರಲ್ಲಿ ಸುತ್ತಿದ ಒಂದು ಪೊಟ್ಟಣ ನನ್ನ ಕೈಗಿಟ್ಟರು. "ಬಸ್ಸಲ್ಲಿ ವಾಸನೆ ಬರ್ತದೆ. ಮೇಲಿಂದ ಇನ್ನೊಂದು ಪ್ಲಾಸ್ಟಿಕ್ ಚೀಲ ಹಾಕಿಕೊಡ್ಲಾ?" ಅಂತ ಕೇಳಿದರು.

ಹಾಕಿಕೊಡಿ ಅಂದೆ. ನಿಮ್ಮ ಮುಂದೆ ಇಷ್ಟೆಲ್ಲ ಮಾತಾಡೋ ನಾನೇ ಹಾಗಂದೆ.